ಬಲಗೈಯ ಐದು ಉಗುರು

ನರ್ಸಕ್ಕ ಮೆಟ್ಟಿಲ ತಿರುವಿನಲ್ಲಿ ಬಿದ್ದಿದ್ದನ್ನು ಮೊದಲು ನೋಡಿದವಳು ನಾನು. ಶುಕ್ರವಾರ ಸಂಜೆ ಐದೂವರೆ ಗಂಟೆ. ಮೂರನೇ ಮಹಡಿಯಲ್ಲಿ ಅವರ ಮನೆಯ ಬಾಗಿಲು ತೆರೆದೇ ಇತ್ತು. ಹನ್ನೆರಡು ಮೆಟ್ಟಿಲು ಕೆಳಗೆ, ಗೋಡೆಗೆ ತಲೆ ಆನಿಸಿಕೊಂಡು ಮಲಗಿದ್ದರು. ಪಕ್ಕದಲ್ಲಿ ಬೆತ್ತದ ಬುಟ್ಟಿ ಮಗುಚಿತ್ತು. ಒಗೆದ ಹಸಿ ಬಟ್ಟೆ ಮೆಟ್ಟಿಲ ಮೇಲೆಲ್ಲ ಹರಡಿತ್ತು. ಮೈ ಬೆಚ್ಚಗಿತ್ತು, ಉಸಿರಿರಲಿಲ್ಲ.

ನಾನು ನಾಲ್ಕು ಗಂಟೆಗೇ ಅಲ್ಲಿಗೆ ಹೋಗಬೇಕಿತ್ತು.

ನನ್ನದು ಅದೇ ಕಟ್ಟಡದ ನೆಲಮಹಡಿಯಲ್ಲಿ ಸಣ್ಣದೊಂದು ಬ್ಯೂಟಿ ಪಾರ್ಲರ್. ನರ್ಸಕ್ಕ ಮೂವತ್ನಾಲ್ಕು ವರ್ಷ ಆಸ್ಪತ್ರೆಯಲ್ಲಿ ದುಡಿದವರು. ಅಷ್ಟು ವರ್ಷವೂ ಉಗುರು ಬೆಳೆಸುವಂತಿರಲಿಲ್ಲ, ಬಣ್ಣ ಹಚ್ಚುವಂತಿರಲಿಲ್ಲ. ನಿವೃತ್ತಿಯಾಗಿ ಮೂರು ತಿಂಗಳಾದ ಮೇಲೆ, ಆ ಬುಧವಾರ ಮಧ್ಯಾಹ್ನ ನನ್ನ ಅಂಗಡಿಗೆ ಬಂದು ಎರಡೂ ಕೈ ಮುಂದೆ ಚಾಚಿದರು.

"ತಿಳಿ ಗುಲಾಬಿ ಬಣ್ಣ, ತುದೀಲಿ ಬಿಳಿ ಗೆರೆ. ಫ್ರೆಂಚ್ ಮೆನಿಕ್ಯೂರ್ ಅಂತಾರಲ್ಲ, ಅದು ಬೇಕು ನಂಗೆ. ಆದ್ರೆ ಮನೇಲಿ ನಾನೇ ಮಾಡ್ಕೋತೀನಿ. ನಿನ್ನ ಗಾಜಿನ ಬಾಗಿಲ ಹಿಂದೆ ಕೂತರೆ ಬೀದಿಗೆಲ್ಲ ಸುದ್ದಿಯಾಗತ್ತೆ."

ಬೇಕಾದ್ದನ್ನೆಲ್ಲ ಒಂದು ಡಬ್ಬಿಗೆ ಹಾಕಿ ಕೊಟ್ಟೆ. ಉಜ್ಜುವ ಅರ, ಬೇಸ್ ಕೋಟ್, ಗುಲಾಬಿ, ಬಿಳಿ, ಮೇಲೆ ಹಚ್ಚುವ ಹೊಳಪು, ಬಿಳಿ ಗೆರೆ ಸೊಟ್ಟಗಾಗದಂತೆ ಉಗುರಿಗೆ ಅಂಟಿಸುವ ಸಣ್ಣ ಪಟ್ಟಿ. ಒಂದು ಕೋಟ್ ಒಣಗಿದ ಮೇಲೇ ಇನ್ನೊಂದು ಹಚ್ಚಬೇಕು, ಕೊನೆಯದು ಹಚ್ಚಿ ಒಂದು ಗಂಟೆ ಏನನ್ನೂ ಮುಟ್ಟಬಾರದು ಎಂದೆ.

"ಎಡಗೈ ಸಲೀಸು. ಬಲಗೈಗೆ ಎಡಗೈಲಿ ಹಚ್ಚೋದೇ ಫಜೀತಿ, ಅಕ್ಕ."

"ನಂಗೆ ಬಲಗೈಯೇ ಮುಖ್ಯ ಕಣೇ," ಎಂದು ನಕ್ಕರು. ಯಾಕೆಂದು ಹೇಳಲಿಲ್ಲ. "ಶುಕ್ರವಾರ ನಾಲ್ಕಕ್ಕೆ ಬಂದು ಅದೊಂದನ್ನ ನೀನೇ ಹಚ್ಚಿಬಿಡು."

ಶುಕ್ರವಾರ ನಾಲ್ಕಕ್ಕೆ ಗಿರಾಕಿಯೊಬ್ಬರು ಕೂದಲಿಗೆ ಬಣ್ಣ ಹಾಕಿಸಲು ಬಂದು ಕೂತರು. ಅರ್ಧ ಗಂಟೆ ತಡವಾದರೇನು ಅಂದುಕೊಂಡೆ. ಒಂದೂವರೆ ಗಂಟೆಯಾಯಿತು.

ಮೆಟ್ಟಿಲಿಳಿದು ಓಡಿ ನಾನು ಬಡಿದದ್ದು ಮೊದಲ ಮಹಡಿಯ ದೊಡ್ಡಮ್ಮನ ಬಾಗಿಲನ್ನು. ಪೊಲೀಸ್ ಇಲಾಖೆಯ ಬೆರಳಚ್ಚು ವಿಭಾಗದಲ್ಲಿ ಜೀವಮಾನ ಕಳೆದು ನಿವೃತ್ತರಾದವರು ಅವರು. ನನಗೆ ರಕ್ತಸಂಬಂಧವಲ್ಲ, ಆದರೂ ದೊಡ್ಡಮ್ಮ. ಹಿಂದೆಯೂ ನಾಲ್ಕಾರು ಗೋಜಲುಗಳನ್ನು ಅವರು ಬಿಡಿಸುವಾಗ ನಾನು ಜೊತೆಗಿದ್ದೆ. ಇದೊಂದನ್ನು ಬಿಡಿಸದಿದ್ದರೇ ಚೆನ್ನಾಗಿತ್ತೇನೋ ಎಂದು ಆಮೇಲೆ ಅವರೇ ಒಮ್ಮೆ ಅಂದದ್ದುಂಟು.

ದೊಡ್ಡಮ್ಮ ಫೋನ್ ಮಾಡಿದ ಕೂಡಲೇ ಇನ್‌ಸ್ಪೆಕ್ಟರ್ ಬಂದರು. ಹಿಂದೆ ಅವರ ಕೈಕೆಳಗೆ ಕೆಲಸ ಕಲಿತ ಹುಡುಗ, ಈಗ ತಲೆ ನರೆತವರು. ಸುತ್ತ ನೋಡಿ, "ಬಟ್ಟೆ ಒಣಹಾಕೋ ತಂತಿ ಹಿತ್ತಲಲ್ಲಿದೆ. ಬುಟ್ಟಿ ಅಡ್ಡ ಬಂದು ಮೆಟ್ಟಿಲು ಕಂಡಿಲ್ಲ, ಕಾಲು ಜಾರಿದೆ. ಇಷ್ಟೇ ಮೇಡಂ," ಎಂದರು.

ದೊಡ್ಡಮ್ಮ ಮಂಡಿಯೂರಿ ಕೂತು ನರ್ಸಕ್ಕನ ಎರಡೂ ಕೈಯನ್ನು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು. ಬಲ ಹೆಬ್ಬೆರಳಿನ ಫೋಟೋ ತೆಗೆಸಿದರು. ಆಮೇಲೆ ಗಾಜನ್ನು ನನಗೆ ಕೊಟ್ಟು, "ಇದು ನಿನ್ನ ವಿದ್ಯೆ. ಏನು ಕಾಣ್ತಿದೆ ಹೇಳು," ಎಂದರು.

ಎಡಗೈಯ ಬಿಳಿ ಗೆರೆಗಳು ಹೊಸಬರ ಕೆಲಸ. ಕಿರುಬೆರಳಿನದಂತೂ ಓರೆಯಾಗಿತ್ತು. ಬಲಗೈಯ ಐದು ಗೆರೆಗಳು ಮಾತ್ರ ಒಂದೇ ಅಳತೆ, ಒಂದೇ ಬಾಗು. ಎರಡೂ ಕೈಯ ಹೊಳಪಿನ ಮೇಲೆ ಒಂದು ಗೀರೂ ಇರಲಿಲ್ಲ. ಬಲ ಹೆಬ್ಬೆರಳಿನ ಉಗುರಿನಲ್ಲಿ ಮಾತ್ರ ಒಂದು ಒತ್ತಿದ ಗುರುತು. ಅದರೊಳಗೆ ಕೂದಲೆಳೆಯಂಥ ಬಾಗಿದ ಗೆರೆಗಳು, ನಡುನಡುವೆ ಜರಡಿಯ ತೂತಿನಂಥ ಚುಕ್ಕೆಗಳು.

"ಬಲಗೈಗೆ ಹಚ್ಚಿದ್ದು ನೀನಾ?"

"ಅಲ್ಲ, ದೊಡ್ಡಮ್ಮ. ನಾನು ಬರಲೇ ಇಲ್ಲ," ಎಂದು ಗಾಜನ್ನು ಹಿಂದಕ್ಕೆ ಕೊಟ್ಟೆ.

ನರ್ಸಕ್ಕನ ತಂಗಿಗೆ ಬೀದಿಯ ತುದಿಯಲ್ಲಿ ಹೊಲಿಗೆ ಅಂಗಡಿ. ಎಲ್ಲರಿಗೂ ಆಕೆ ಟೈಲರಕ್ಕ. ಅಕ್ಕತಂಗಿ ಇಬ್ಬರೂ ಮದುವೆಯಾಗದೆ, ಅಪ್ಪಅಮ್ಮ ಹೋದಮೇಲೆ ಒಟ್ಟಿಗೇ ಬದುಕಿದವರು. ಸುದ್ದಿ ತಿಳಿದು ಬಂದ ಟೈಲರಕ್ಕ ಅಳಲಿಲ್ಲ. ಮೆಟ್ಟಿಲ ಮೇಲೆ ಕೂತು ಆ ಹಸಿ ಬಟ್ಟೆಗಳನ್ನು ಒಂದೊಂದಾಗಿ ಮಡಿಸತೊಡಗಿದರು. ಇನ್‌ಸ್ಪೆಕ್ಟರ್ ಕೇಳಿದ್ದಕ್ಕೆ, "ಬೆಳಗ್ಗಿಂದ ಅಂಗಡೀಲೇ ಇದ್ದೆ. ಊಟಕ್ಕೂ ಬಂದಿಲ್ಲ," ಎಂದರು.

ಮಾರನೆಯ ಬೆಳಗ್ಗೆ ನಾನು ದೊಡ್ಡಮ್ಮನ ಮನೆಯಲ್ಲಿದ್ದಾಗ ಬೋರ್ಡ್ ಮಾಮ ಬಂದರು. ಅಂಗಡಿಗಳಿಗೆ ಬೋರ್ಡ್ ಬರೆಯುವವರು, ಹೆಂಡತಿಯನ್ನು ಕಳೆದುಕೊಂಡು ಎಷ್ಟೋ ವರ್ಷವಾಗಿತ್ತು. ಕಟ್ಟಡದ ಹಿಂದಿನ ಶೆಡ್ಡಿನಲ್ಲಿ ವಾಸ. ಯಾವಾಗಲೂ ಬಣ್ಣ ಮೆತ್ತಿದ ಅಂಗಿಯಲ್ಲಿರುವವರು ಆವತ್ತು ಇಸ್ತ್ರಿ ಮಾಡಿದ ಹೊಸ ಅಂಗಿ ತೊಟ್ಟಿದ್ದರು.

"ಅವಳು ಬುಟ್ಟಿ ಎತ್ತಿರೋಕೆ ಸಾಧ್ಯವೇ ಇಲ್ಲ," ಎಂದರು ಕೂರುವ ಮೊದಲೇ. "ಮೂರು ಗಂಟೆಗೆ ಫೋನ್ ಮಾಡಿದ್ಲು. ಎಡಗೈ ಉಗುರು ಹಸಿ ಇದೆ, ಬಲಗೈಗೆ ನಾಲ್ಕಕ್ಕೆ ಹಚ್ಚಿಸ್ಕೋತೀನಿ, ಆಮೇಲೆ ಒಂದು ಗಂಟೆ ಏನನ್ನೂ ಮುಟ್ಟಲ್ಲ ಅಂತ ನಕ್ಕಳು. ಅಂಥವಳು ಬೆತ್ತದ ಬುಟ್ಟಿ ಹೊತ್ಕೊಂಡು ಇಳೀತಾಳಾ? ಏನೋ ಆಗಿದೆ. ನೀವು ನೋಡ್ಬೇಕು."

"ನಿಮಗೂ ಅವರಿಗೂ ಏನು?" ದೊಡ್ಡಮ್ಮ ಮೆಲ್ಲಗೆ ಕೇಳಿದರು.

ಮಾಮ ಅಂಗಿಯ ತೋಳನ್ನು ನೇವರಿಸಿಕೊಂಡರು. "ಇವತ್ತು ಹನ್ನೊಂದು ಗಂಟೆಗೆ ನಮ್ಮ ಮದುವೆ ರಿಜಿಸ್ಟ್ರಿ. ಅಂಗಿ ಹೊಲಿಸಿದ್ದೆ, ಹಾಕ್ಕೊಂಡೆ. ಸಹಿ ಮಾಡುವಾಗ ಕೈ ಚೆನ್ನಾಗಿ ಕಾಣಬೇಕು ಅಂತ ಅವಳಿಗೆ ಆಸೆ."

ಬಲಗೈಯೇ ಮುಖ್ಯ ಅಂದದ್ದು ಯಾಕೆಂದು ನನಗೆ ಆಗ ತಿಳಿಯಿತು.

"ತಂಗಿಗೆ ಗೊತ್ತಿತ್ತಾ?"

"ಇಲ್ಲ. ಹೇಳೋಕೆ ಆರು ತಿಂಗಳಿಂದ ಒದ್ದಾಡ್ತಿದ್ಲು. ನಿನ್ನೆ ಫೋನಲ್ಲಿ, ಇವತ್ತು ಹೇಳ್ತೀನಿ, ಆರು ಗಂಟೆಗೆ ಬನ್ನಿ, ಮೂವರೂ ಕೂತು ಮಾತಾಡೋಣ ಅಂದಿದ್ಲು."

"ನಾಲ್ಕರಿಂದ ಐದೂವರೆ ತನಕ ಎಲ್ಲಿದ್ರಿ?"

"ಶೆಡ್ಡಲ್ಲಿ, ಒಬ್ನೇ."

ದೊಡ್ಡಮ್ಮ ಅವರ ಕೈ ಹಿಡಿದು ಬೆರಳ ತುದಿ ನೋಡಿದರು. ಟರ್ಪೆಂಟೈನ್ ತಿಂದು ನುಣುಪಾದ ಬೆರಳುಗಳು, ಗೆರೆಯೇ ಉಳಿದಿರಲಿಲ್ಲ. ಮಾಮ ಹೋದಮೇಲೆ ದೊಡ್ಡಮ್ಮ ನನ್ನ ಕೈಯನ್ನೂ ತೋರಿಸು ಎಂದರು.

"ನನ್ನ ಮೇಲೂ ಅನುಮಾನವಾ, ದೊಡ್ಡಮ್ಮ?"

"ಆ ಗೆರೆ ಎಳೆಯೋಕೆ ನಡುಗದ ಕೈ ಬೇಕು. ಈ ಕಟ್ಟಡದಲ್ಲಿ ಅಂಥ ಕೈ ಇರೋರು ಮೂವರು. ಒಬ್ಬಳು ನೀನು." ನನ್ನ ಬೆರಳುಗಳನ್ನು ನೋಡಿ, ಬಿಟ್ಟು, ಕಿಟಕಿಯ ಪರದೆಯ ಅಂಚನ್ನು ಹಿಡಿದು ನಿಂತರು. ದಾರ ಕಾಣದಂತೆ ಕೈಹೊಲಿಗೆ ಹಾಕಿದ ಅಂಚು. ಅದನ್ನು ಹೊಲಿದುಕೊಟ್ಟದ್ದು ಟೈಲರಕ್ಕ.

ಸೋಮವಾರ ಹತ್ತು ಗಂಟೆಗೆ ದೊಡ್ಡಮ್ಮ ನಮ್ಮನ್ನೆಲ್ಲ ಆ ಅಕ್ಕತಂಗಿಯರ ಮನೆಯಲ್ಲೇ ಸೇರಿಸಿದರು. ಇನ್‌ಸ್ಪೆಕ್ಟರ್ ಕಿಟಕಿಯ ಬಳಿ ನಿಂತರು. ಮಾಮ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತರು. ಟೈಲರಕ್ಕ ಊಟದ ಮೇಜಿನ ಮುಂದೆ ಕೈಕಟ್ಟಿ ಕೂತಿದ್ದರು. ನಾನು ಕೊಟ್ಟ ಡಬ್ಬಿ ಆ ಮೇಜಿನ ಮೇಲೇ ಇತ್ತು.

"ಬುಟ್ಟಿಯಿಂದ ಶುರು ಮಾಡ್ತೀನಿ," ಎಂದರು ದೊಡ್ಡಮ್ಮ. "ಬಲಗೈಯ ಬಣ್ಣ ಪೂರ್ತಿ ಒಣಗಿರಲಿಲ್ಲ. ಹೆಬ್ಬೆರಳಲ್ಲಿ ಬಿದ್ದ ಗುರುತೇ ಅದಕ್ಕೆ ಸಾಕ್ಷಿ. ಆ ಸ್ಥಿತೀಲಿ ಒರಟು ಬೆತ್ತ ಹಿಡಿದಿದ್ರೆ ಆ ಐದು ಉಗುರೂ ಗೀರಿರಬೇಕಿತ್ತು. ಒಂದೂ ಗೀರಿಲ್ಲ. ಅಂದ್ರೆ ಬುಟ್ಟಿ ಅವರ ಕೈಲಿರಲಿಲ್ಲ. ಬಿದ್ದ ಮೇಲೆ ಬೇರೆ ಯಾರೋ ತಂದು ಇಟ್ಟಿದ್ದಾರೆ."

ದೊಡ್ಡಮ್ಮ ಡಬ್ಬಿಯ ಮುಚ್ಚಳ ತೆಗೆದರು.

"ಎರಡನೇದು ಬಲಗೈ. ಬಲಗೈ ಬಳಸೋರು ತಾವೇ ಬಣ್ಣ ಹಚ್ಕೊಂಡ್ರೆ ಎಡಗೈ ಚೆನ್ನಾಗಿ ಬರತ್ತೆ, ಬಲಗೈ ಕೆಡತ್ತೆ. ಇಲ್ಲಿ ತಿರುಗುಮುರುಗು. ಹಾಗಾಗಿ ಬಲಗೈಗೆ ಹಚ್ಚಿದ್ದು ಇನ್ನೊಬ್ಬರು. ಡಬ್ಬೀಲಿ ಹತ್ತು ಪಟ್ಟಿ ಇತ್ತು, ಖರ್ಚಾಗಿರೋದು ಐದೇ. ಪಟ್ಟಿಯ ಹಂಗಿಲ್ಲದೆ ಬರಿಗೈಲಿ ಗೆರೆ ಎಳೆದಿದ್ದಾರೆ. ಎದುರು ಕೂತು, ಕೈ ಹಿಡಿದು, ನಿಧಾನವಾಗಿ. ದ್ವೇಷ ಇರೋರು ಹಾಗೆ ಕೂರಲ್ಲ. ಅಂಥ ಕೈ ಪಾರ್ಲರಿನವಳದು, ಬೋರ್ಡ್ ಬರೆಯೋರದು, ಮತ್ತೆ ಬಟ್ಟೆ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯೋರದು."

ಟೈಲರಕ್ಕನ ಕೈ ಮಡಿಲಿಗೆ ಜಾರಿತು.

"ಮೂರನೇದು ಹೆಬ್ಬೆರಳಿನ ಗುರುತು. ಅದು ಬೆರಳಚ್ಚು. ಬೋರ್ಡಿನವರ ಬೆರಳಲ್ಲಿ ಗೆರೆಯೇ ಇಲ್ಲ. ಪಾರ್ಲರಿನವಳ ಬೆರಳಲ್ಲಿ ಗೆರೆ ಇದೆ, ಚುಕ್ಕೆಯಿಲ್ಲ. ಉಗುರಲ್ಲಿರೋದು ವರ್ಷಗಟ್ಟಲೆ ಸೂಜಿ ಚುಚ್ಚಿಸಿಕೊಂಡ ಬೆರಳು." ದೊಡ್ಡಮ್ಮ ತಡೆದು, ದನಿ ತಗ್ಗಿಸಿದರು. "ಇನ್ನೂ ಒಂದಿದೆ. ತಳ್ಳೋರ ಬೆರಳು ಎದೆಗೋ ಭುಜಕ್ಕೋ ಬೀಳತ್ತೆ. ಹೆಬ್ಬೆರಳಿನ ಉಗುರಿನ ಮೇಲೆ ಬೀಳೋದು ಕೈ ಹಿಡಿದು ನಿಲ್ಲಿಸೋರದು. ನೀನು ತಳ್ಳಿಲ್ಲ ಅಂತ ನಂಗೆ ಗೊತ್ತು, ತಾಯಿ. ಏನಾಯ್ತು ಹೇಳು."

ಟೈಲರಕ್ಕ ಡಬ್ಬಿಯ ಮುಚ್ಚಳ ಮುಚ್ಚಿದರು.

"ನಾಲ್ಕೂಕಾಲಿಗೆ ಟೀ ಕುಡಿಯೋಕೆ ಬಂದೆ. ಅಕ್ಕ ಎಡಗೈಲಿ ಬ್ರಶ್ ಹಿಡ್ಕೊಂಡು ಒದ್ದಾಡ್ತಿದ್ಲು. ಪಾರ್ಲರಿನವಳು ಬರ್ಲಿಲ್ಲ ಕಣೇ ಅಂದ್ಲು. ಕೊಡಿಲ್ಲಿ ಅಂತ ನಾನೇ ಕೂತು ಹಚ್ಚಿದೆ. ಇಬ್ರೂ ಎಷ್ಟು ನಕ್ವಿ. ಎಲ್ಲಾ ಮುಗಿದ ಮೇಲೆ, ಈ ವಯಸ್ಸಲ್ಲಿ ಯಾರಿಗೆ ತೋರ್ಸೋಕೆ ಇದೆಲ್ಲ ಅಂತ ತಮಾಷೆ ಮಾಡಿದೆ. ಆಗ ಹೇಳಿದ್ಲು."

"ಏನಂತ?"

"ನಾಳೆ ಮದುವೆ, ನೀನೂ ಸಾಕ್ಷಿ ಹಾಕ್ಬೇಕು ಅಂತ. ನಂಗೆ ಕಣ್ಣು ಕತ್ತಲೆ ಬಂತು. ಬಾಯಿಗೆ ಬಂದ ಹಾಗೆ ಅಂದೆ. ಅವಳು ಕೋಪ ಮಾಡ್ಕೊಳ್ಳಲಿಲ್ಲ. ಅವರನ್ನೇ ಕರ್ಕೊಂಡು ಬರ್ತೀನಿ ಇರು ಅಂತ ಎದ್ದು ಹೊರಟ್ಲು. ಮೆಟ್ಟಿಲ ಹತ್ರ ಕೈ ಹಿಡಿದೆ. ಹೋಗ್ಬೇಡ ಅಂದೆ. ಕೈ ಬಿಡಿಸಿಕೊಳ್ತಾ, ಬಿಡೇ, ಬಣ್ಣ ಕೆಡತ್ತೆ ಅಂತ ನಕ್ಕಳು." ಟೈಲರಕ್ಕ ತಮ್ಮ ಬಲಗೈಯನ್ನು ನೋಡಿಕೊಂಡರು. "ಬಿಡು ಅಂದ್ಲು. ಬಿಟ್ಟೆ."

ಮಾಮ ಮುಖ ಮುಚ್ಚಿಕೊಂಡರು.

"ಕೆಳಗೆ ಹೋಗಿ ಅಲ್ಲಾಡಿಸಿದೆ. ಕಣ್ಣು ಬಿಡ್ಲಿಲ್ಲ. ನಾಡಿ ಹೇಗೆ ನೋಡ್ಬೇಕು ಅಂತ ನಂಗೆ ಗೊತ್ತಿಲ್ಲ. ಮನೇಲಿ ಅದು ಗೊತ್ತಿದ್ದವಳು ಅವಳೊಬ್ಬಳೇ. ಹೋಗೇಬಿಟ್ಲು ಅಂದ್ಕೊಂಡೆ. ಯಾರಾದ್ರೂ ಕೇಳಿದ್ರೆ ಏನು ಹೇಳ್ಲಿ ಅಂತ ದಿಗಿಲಾಯ್ತು. ವಾಷಿಂಗ್ ಮೆಷಿನ್ನಿಂದ ಬಟ್ಟೆ ತೆಗೆದು ಬುಟ್ಟಿಗೆ ತುಂಬಿ ತಂದಿಟ್ಟೆ. ಹಿಂದಿನ ಗೇಟಲ್ಲಿ ಅಂಗಡಿಗೆ ಹೋದೆ. ಹೋಗಿ ಯಾರದೋ ರವಿಕೆಗೆ ಒಂದು ತೋಳು ಕೂಡಿಸಿದೆ. ಯಾಕೆ ಕೂಡಿಸಿದೆ ಅಂತ ಗೊತ್ತಿಲ್ಲ."

ಇನ್‌ಸ್ಪೆಕ್ಟರ್ ಸ್ಟೇಷನ್ನಿಗೆ ಬರಬೇಕಾಗುತ್ತದೆ ಎಂದರು. ಆಕೆ ತಲೆಯಾಡಿಸಿ ಎದ್ದರು. ಬಾಗಿಲಲ್ಲಿ ಮಾಮನ ಮುಂದೆ ನಿಂತರು. ಮಾಮನೇ ಎದ್ದು, "ಅಂಗಡಿ ಬೀಗದ ಕೈ ಕೊಟ್ಟು ಹೋಗು. ಗಿರಾಕಿಗಳ ಬಟ್ಟೆ ನಾನು ತಲುಪಿಸ್ತೀನಿ," ಎಂದರು.

ಕೀಲಿ ಕೊಟ್ಟವರು ಮತ್ತೆ ದೊಡ್ಡಮ್ಮನ ಕಡೆ ತಿರುಗಿದರು.

"ಒಂದು ಕೇಳ್ಲಾ? ನಾನು ಆಗಲೇ ಯಾರನ್ನಾದ್ರೂ ಕೂಗಿದ್ರೆ ಅಕ್ಕ ಉಳೀತಿದ್ಲಾ?"

ದೊಡ್ಡಮ್ಮ ಅವರ ಕಣ್ಣಲ್ಲಿ ಕಣ್ಣಿಟ್ಟು, "ಇಲ್ಲಮ್ಮ. ಬಿದ್ದ ತಕ್ಷಣವೇ ಹೋಗಿತ್ತು," ಎಂದರು. ಇನ್‌ಸ್ಪೆಕ್ಟರ್ ಮುಖ ತಿರುಗಿಸಿ ಕಿಟಕಿಯಾಚೆ ನೋಡಿದರು.

ಎಲ್ಲರೂ ಇಳಿದು ಹೋದ ಮೇಲೆ ದೊಡ್ಡಮ್ಮ ಚೀಲದಿಂದ ಡಾಕ್ಟರ ವರದಿ ತೆಗೆದು ನನ್ನ ಕೈಗಿಟ್ಟರು. ಬಿದ್ದ ಮೇಲೆ ಇಪ್ಪತ್ತು ನಿಮಿಷವಾದರೂ ಜೀವವಿತ್ತು, ಬೇಗ ಆಸ್ಪತ್ರೆಗೆ ತಂದಿದ್ದರೆ ಉಳಿಯುವ ಸಾಧ್ಯತೆಯಿತ್ತು ಎಂದು ಬರೆದಿತ್ತು.

"ಕೋರ್ಟಲ್ಲಿ ಇದನ್ನ ಓದ್ತಾರಲ್ಲ, ದೊಡ್ಡಮ್ಮ. ಅವರಿಗೆ ಗೊತ್ತಾಗೇ ಆಗತ್ತೆ."

"ಗೊತ್ತಾಗತ್ತೆ. ಇವತ್ತು ಬೇಡ ಅನ್ನಿಸ್ತು."

ಅವರು ಸುಳ್ಳಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನನಗೂ ಆ ನಾಲ್ಕು ಗಂಟೆಯ ಬಗ್ಗೆ ಕೇಳಬೇಕಾದ ಪ್ರಶ್ನೆಯೊಂದಿತ್ತು. ಬಾಗಿಲಿಗೆ ಬೀಗ ಹಾಕಿ ಅವರ ಹಿಂದೆಯೇ ಮೆಟ್ಟಿಲಿಳಿದೆ. ಮೊದಲ ಮಹಡಿ ಬಂದರೂ ಅದು ಬಾಯಿಗೆ ಬರಲಿಲ್ಲ. ದೊಡ್ಡಮ್ಮ ತಮ್ಮ ಬಾಗಿಲ ಮುಂದೆ ಸ್ವಲ್ಪ ಹೊತ್ತು ಕಾದರು. ನಾನು ಸುಮ್ಮನಿದ್ದದ್ದನ್ನು ನೋಡಿ ನನ್ನ ತಲೆ ಸವರಿ ಒಳಗೆ ಹೋದರು.