ಜೋಗುಳಕ್ಕೆ ಬಿಟ್ಟ ಜಾಗ

‘ಕರ್ರ್... ಕರ್ರ್...’

ಸ್ಪೀಕರಿನಿಂದ ಬಂದ ಸದ್ದಿಗೆ ಫಿರದೋಸ ಎರಡೂ ಕಿವಿ ಮುಚ್ಚಿಕೊಂಡಳು. ಹಾಡುತ್ತಿದ್ದವರು ಕೆಲಗೇರಿಯ ರುಕ್ಮವ್ವಜ್ಜಿ. ಆದರೆ ಇದು ಅಜ್ಜಿಯ ಜೋಗುಳವೇ? ಮಲಗಿದ ಕೂಸೂ ಎದ್ದು ಕಿರುಚಿಕೊಳ್ಳಬೇಕು, ಹಾಗಿತ್ತು!

ಅವಳ ಅಬ್ಬಾ ಅಬ್ದುಲಗನಿಯವರದು ಮೈಕ್‌ಸೆಟ್ ಅಂಗಡಿ. ಅಂಗಡಿಯ ಹಿಂದಿನ ಕೋಣೆಗೆ ಕಂಪ್ಯೂಟರ್ ಬಂದು ಎರಡು ತಿಂಗಳಾಗಿತ್ತು. ಅದರಲ್ಲಿ ಅಣ್ಣ ಅರಫಾತ ಅಜ್ಜಿಯ ಐದು ಜೋಗುಳ ರೆಕಾರ್ಡ್ ಮಾಡಿದ್ದ. ಇವತ್ತು ಐದು ಗಂಟೆಯೊಳಗೆ ಅವನ್ನು ಸಿ.ಡಿ.ಗೆ ಹಾಕಿ ಹುಬ್ಬಳ್ಳಿಯ ಸ್ಟುಡಿಯೋಕ್ಕೆ ಮುಟ್ಟಿಸಬೇಕಿತ್ತು. ಅಲ್ಲಿ ಮಾಸ್ಟರಿಂಗ್ ಮಾಡುತ್ತಾರೆ. ಅಂದರೆ ಹಾಡುಗಳ ದನಿಯನ್ನು ಹದ ಮಾಡಿ ಕ್ಯಾಸೆಟ್ಟಿಗೆ ತಯಾರು ಮಾಡುತ್ತಾರೆ.

“ಪ್ರತಿ ಹಾಡಿನ ಹಿಂದ ಮುಂದ ಎರಡೆರಡು ಸೆಕೆಂಡ್ ಖಾಲಿ ಬಿಡು, ನಂಬರ್ ಹಾಕು, ಸೇವ್ ಮಾಡು. ಬ್ಯಾರೆ ಏನೂ ಮುಟ್ಟಬ್ಯಾಡ,” ಎಂದು ಹೇಳಿ ಅರಫಾತ ಖಾಲಿ ಸಿ.ಡಿ. ತರಲು ಹೋಗಿದ್ದ.

ಫಿರದೋಸ ಸುಮ್ಮನಿರುವ ಹುಡುಗಿಯೇ? ಪರದೆಯ ಮೇಲೆ ಅಜ್ಜಿಯ ದನಿ ಸಣ್ಣ ಗೆರೆಯಾಗಿ ಏರಿಳಿಯುತ್ತಿತ್ತು. ಮೈಕ್‌ಸೆಟ್ ಮನೆಯ ಮಗಳಿಗೆ ಅದು ಸರಿಬರಲಿಲ್ಲ. ಮದುವೆಯವರು ಯಾವಾಗಲೂ ಅನ್ನುವುದು ಒಂದೇ ಮಾತು, “ಸೌಂಡ್ ಜೋರ್ ಇಡ್ರಿ!” ಅವಳೂ ಗೆರೆ ಪರದೆ ತುಂಬುವಷ್ಟು ಸೌಂಡು ಏರಿಸಿ, ಹಳೆಯದರ ಮೇಲೆಯೇ ಸೇವ್ ಮಾಡಿಬಿಟ್ಟಿದ್ದಳು.

ಈಗ ಗಡಿಬಿಡಿಯಿಂದ ಇಳಿಸಿದಳು. ಗೆರೆ ಸಣ್ಣದಾಯಿತು. ಆದರೆ ಅದರ ತುದಿಗಳೆಲ್ಲ ಕತ್ತರಿಸಿದ ಹಾಗೆ ಮಟ್ಟಸವಾಗಿಯೇ ಉಳಿದವು. ‘ಕರ್ರ್’ ಹೋಗಲಿಲ್ಲ.

ಅಜ್ಜಿ ಮೂರು ದಿನ ಬಂದು ಹಾಡಿದ್ದರು. ಕೊನೆಯ ದಿನ ಗಂಟಲು ಕಟ್ಟಿ, “ಇನ್ನ ನನ್ನ ಕೈಲೆ ಆಗೂದಿಲ್ಲಪಾ ತಮ್ಮಾ,” ಅಂದಿದ್ದರು.

ಅಷ್ಟರಲ್ಲಿ ಅರಫಾತ ಬಂದ. ಹೇಳದೇ ಇದ್ದರೆ? ಹುಬ್ಬಳ್ಳಿಯಲ್ಲಿ ಕೆಟ್ಟಿತು ಅಂದುಕೊಳ್ಳುತ್ತಾರೆ. ಫಿರದೋಸ ಕುರ್ಚಿ ಬಿಟ್ಟು ಎದ್ದಳು.

“ಭೈಯಾ, ಸಿ.ಡಿ. ಹಾಕಬ್ಯಾಡ. ನಾ ಹಾಡು ಕೆಡಿಸೇನಿ.”

“ಯಾವದು?”

“ಐದೂ.”

ಅರಫಾತ ಕೇಳಿ ನೋಡಿ, ತಲೆಯ ಮೇಲೆ ಕೈಹೊತ್ತು ಕುಳಿತ. “ಗೆರಿ ಮ್ಯಾಲ ಜಾಗಾ ಬೇಕಂತನ ಸೌಂಡ್ ಕಡಿಮಿ ಇಟ್ಟಿದ್ದೆ! ಜಾಗಾ ಇದ್ರನ ಹುಬ್ಬಳ್ಳಿಯವರಿಗೆ ದನಿ ಹದಾ ಮಾಡಾಕ ಬರ್ತದ. ಈಗ ಅಜ್ಜಿಗೆ ಏನ್ ಹೇಳ್ಲಿ?”

ಫಿರದೋಸಳ ಕಣ್ಣಲ್ಲಿ ದಳದಳ ನೀರು. ಬಾಗಿಲಲ್ಲಿ ನಿಂತು ಎಲ್ಲ ಕೇಳಿದ್ದ ಅಬ್ಬಾ ಒಳಗೆ ಬಂದು ಹಳೆಯ ಪೆಟ್ಟಿಗೆ ತೆರೆದರು. ಮೈಕು, ವೈರುಗಳ ಕೆಳಗಿನಿಂದ ಒಂದು ಸಿ.ಡಿ. ತೆಗೆದರು.

“ಎರಡನೇ ಮೈಕ್ ಇಲ್ಲದ ನಾ ಒಂದು ಮದಿವಿಗೂ ಹೋದಾವಲ್ಲ. ಅಜ್ಜಿ ಹಾಡಿ ಮುಗಿಸಿದ ದಿನಾನ ಇವನ ಕಡಿಂದ ಇನ್ನೊಂದು ಕಾಪಿ ಮಾಡಿಸಿಟ್ಟೇನಿ. ‘ಸಿ.ಡಿ. ದಂಡ’ ಅಂತ ನಕ್ಕಿದ್ದ. ಈಗ ಗಾಬರ್ಯಾಗ ಮರತಾನ.”

“ಹೋದ ಜೀವಾ ಬಂತು!” ಎಂದ ಅರಫಾತ. ಫಿರದೋಸಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

“ಕೂಡು, ನೀನ ಮಾಡು. ಲಗೂನ,” ಅಂದರು ಅಬ್ಬಾ.

ಅವಳು ಎರಡೆರಡು ಸೆಕೆಂಡ್ ಬಿಟ್ಟಳು. ನಂಬರ್ ಹಾಕಿದಳು. ಸಣ್ಣ ಗೆರೆಗೆ ಕೈ ಹಚ್ಚಲಿಲ್ಲ.

ಸಿ.ಡಿ. ತಯಾರಾದ ಮೇಲೆ ಒಮ್ಮೆ ಹಚ್ಚಿ ನೋಡಿದರು. ಜೋಗುಳದ ಕೊನೆಗೆ, ಕೂಸಿಗೆ ನಿದ್ದೆ ಹತ್ತಿತೇನೋ ಎಂಬಂತೆ ಅಜ್ಜಿಯ ದನಿ ಮೆಲ್ಲಗಾಗುತ್ತ ಹೋಯಿತು. ಫಿರದೋಸಳ ಕೈ ತಾನಾಗಿಯೇ ಸೌಂಡಿನ ಗುಂಡಿಯ ಕಡೆ ಹೋಯಿತು. ಅಲ್ಲೇ ನಿಂತಿತು.

ಕೈ ಹಿಂದೆ ತೆಗೆದುಕೊಂಡು, ಅವಳು ಕುರ್ಚಿಯನ್ನೇ ಸ್ಪೀಕರಿನ ಹತ್ತಿರ ಎಳೆದುಕೊಂಡಳು.