ಕೇಳದೆ ಹಿಡಿದ ವೀಳ್ಯ

ಕೆಂಪು ಕೋಟು, ಹೆಗಲ ಮೇಲೆ ಬಂಗಾರದ ಬಣ್ಣದ ಜಾಲರಿ, ಕಂಕುಳಲ್ಲಿ ಕ್ಲಾರಿನೆಟ್ಟಿನ ಪೆಟ್ಟಿಗೆ. ಬಳ್ಳಾರಿಯ ಆ ಜೀನ್ಸ್ ಹೊಲಿಯುವ ಶೆಡ್ಡಿನ ಬಾಗಿಲಲ್ಲಿ ನಿಂತು ಗಾದಿಲಿಂಗ ಒಳಗೆ ಇಣುಕಿದ.

"ಮದಿಮಗ ಎಲ್ಲದಾನ್ರಿ?"

ಭಾನುವಾರವಾದ್ದರಿಂದ ಹೊಲಿಗೆ ಯಂತ್ರಗಳು ನಿಂತಿದ್ದವು. ಗೋಡೆಯುದ್ದಕ್ಕೂ ನೀಲಿ ಬಟ್ಟೆಯ ಥಾನುಗಳನ್ನು ಸೂರಿನವರೆಗೆ ಪೇರಿಸಿದ್ದರು. ನಡುವೆ ಮೈಕುಗಳು, ಒಂದು ಕೀಬೋರ್ಡು. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕಾಲು ಮಡಿಚಿ ಕುಳಿತಿದ್ದಳು ಶಾಂಭವಿ.

"ಮದಿಮಗ ಇಲ್ರಿ. ಮದಿಮಗಳೂ ಇಲ್ಲ," ಎಂದಳು ಅವಳು. "ಹಾಡು ಅಷ್ಟೇ ಐತಿ. ನಡಿತೈತೇನು?"

ಹಿಂದೆ ಡ್ರಮ್ಮು ಹೊತ್ತು ನಿಂತಿದ್ದ ಹುಲುಗೇಶ ಗೆಳೆಯನ ಕಿವಿಯಲ್ಲಿ ಹೇಳಿದ್ದು ಎಲ್ಲರಿಗೂ ಕೇಳಿಸಿತು. "ಮದಿವಿ ಇಲ್ಲಂದ್ರ ಊಟನೂ ಇಲ್ಲಲೇ. ಸಿರುಗುಪ್ಪದಿಂದ ಬಸ್ಸಿನ್ಯಾಗ ನಿಂತ್ಕೊಂಡು ಬಂದದ್ದು ಇದಕ್ಕೇನು?"

ಶಾಂಭವಿ ನಕ್ಕಳು. ಗಾದಿಲಿಂಗ ನಗಲಿಲ್ಲ. ಅವನು ತನ್ನ ಕೋಟಿನ ಜಾಲರಿಯನ್ನು ಒಮ್ಮೆ ನೋಡಿಕೊಂಡು, ಕಿವಿಯವರೆಗೆ ಕೆಂಪಾದ. ಆ ಕೆಂಪನ್ನು ಅವಳು ಬೇಕೆಂದೇ ತುಸು ಹೆಚ್ಚು ಹೊತ್ತು ನೋಡಿದಳು.

ಕುರುಗೋಡಿನಲ್ಲಿ ಹುಟ್ಟಿದ ಶಾಂಭವಿ ಗೋವೆಯ ಹೋಟೆಲುಗಳಲ್ಲಿ ಜಾಜ್ ಹಾಡಿ ಹೆಸರು ಮಾಡಿದವಳು. ಪರರ ವಿರಹವನ್ನು ಪರರ ನುಡಿಯಲ್ಲಿ ಹಾಡಿ ಹಾಡಿ ದಣಿದು, ತನ್ನ ಮಾತಿನಲ್ಲಿ ತನ್ನದೇ ಆಲ್ಬಮ್ ಮಾಡಬೇಕೆಂದು ಮರಳಿದ್ದಳು. ಅದಕ್ಕೆ ಅವಳದೊಂದು ನಿಯಮವಿತ್ತು. ಎಲ್ಲರೂ ಒಂದೇ ಕೋಣೆಯಲ್ಲಿ ಕುಳಿತು ಒಮ್ಮೆಗೇ ನುಡಿಸಬೇಕು. ತಪ್ಪಿದ ಸ್ವರವನ್ನು ಕಂಪ್ಯೂಟರಿನಲ್ಲಿ ತಿದ್ದಬಾರದು. ಮನಸ್ಸಿನಲ್ಲಿಲ್ಲದ್ದನ್ನು ಯಾರೂ ನುಡಿಸಬಾರದು. ಕಾಲೇಜಿನ ಗೆಳೆಯ ಚನ್ನಬಸವರಾಜ ಕೀಬೋರ್ಡು ನುಡಿಸಿ ರೆಕಾರ್ಡಿಂಗನ್ನೂ ನೋಡಿಕೊಳ್ಳುತ್ತಿದ್ದ. ಈ ಶೆಡ್ಡನ್ನು ಹುಡುಕಿದವನೂ, ಸಿರುಗುಪ್ಪದ ಬ್ಯಾಂಡಿನವರನ್ನು ಕರೆಸಿದವನೂ ಅವನೇ. ದಪ್ಪ ಬಟ್ಟೆ ಸದ್ದನ್ನು ನುಂಗುತ್ತದೆ, ಇಲ್ಲಿ ಪ್ರತಿಧ್ವನಿ ಏಳುವುದಿಲ್ಲ ಎಂಬುದು ಅವನ ಲೆಕ್ಕ.

"ಬರ್ರಿ, ಕೂಡ್ರಿ. ಶುರು ಮಾಡೋಣು," ಎಂದಳು ಶಾಂಭವಿ.

"ವೀಳ್ಯ ಕೊಡಲಾರದ ನಾವು ಪೆಟ್ಟಿಗಿ ತೆಗಿಯಂಗಿಲ್ರಿ," ಎಂದ ಗಾದಿಲಿಂಗ, ಮೆತ್ತಗೆ.

ಚನ್ನಬಸವರಾಜ ಬೀದಿಯ ಪಾನ್ ಅಂಗಡಿಯಿಂದ ಎಲೆ ಅಡಿಕೆ ತಂದ. ಶಾಂಭವಿ ಕೊಟ್ಟಳು. ಗಾದಿಲಿಂಗ ಎರಡೂ ಕೈ ಚಾಚಿ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ಆಮೇಲೆ ಕೇಳಿದ: "ಯಾವೂರು? ಯಾವತ್ತು?"

"ಮೊದ್ಲು ತಗೊಂಡು ಆಮ್ಯಾಲ ಕೇಳ್ತೀರೇನ್ರಿ? ಇದೆಂಥಾ ವ್ಯವಹಾರ?"

"ಕೇಳಿ ತಗೊಂಡ್ರ ವ್ಯವಹಾರ ಆಕ್ಕೈತ್ರಿ. ತಗೊಂಡು ಕೇಳಿದ್ರ ಅದು ಮಾತು." ಅವನು ಎಲೆಗಳನ್ನು ಜೇಬಿನಲ್ಲಿಟ್ಟುಕೊಂಡ. "ದೂರದ ಊರು, ಬಡವರ ಮದಿವಿ ಅಂತ ಯಾರೂ ಹಿಂದ ಸರಿಬಾರ್ದಂತ ನಮ್ಮ ತಾತ ಹಾಕಿದ ಕಟ್ಟು. ನಮ್ಮ ಮ್ಯಾಳ ಹಿಡಿದ ವೀಳ್ಯ ಇವತ್ತಿನ ತನಕ ವಾಪಸ್ ಕೊಟ್ಟಿಲ್ರಿ."

ಪ್ರಾಮಾಣಿಕತೆಯನ್ನು ತಾನೇ ಕಂಡುಹಿಡಿದೆನೆಂದು ನಂಬಿದ್ದ ಶಾಂಭವಿಗೆ, ಅದನ್ನು ಜೇಬಿನಲ್ಲಿಟ್ಟುಕೊಂಡು ತಿರುಗುವವನೊಬ್ಬ ಎದುರಿಗೆ ನಿಂತಿದ್ದ.

ಭಾನುವಾರಗಳು ಹೀಗೆ ಆರಂಭವಾದವು.

ಮದುವೆಯ ಬ್ಯಾಂಡಿನಲ್ಲಿ ಬೆಳೆದ ಕ್ಲಾರಿನೆಟ್ಟಿಗೆ ಮೌನವೆಂದರೆ ಭಯ. ಎಲ್ಲಿ ಬಿಡುವು ಕಂಡರೆ ಅಲ್ಲಿ ಅವನು ಊದಿಬಿಡುತ್ತಿದ್ದ.

"ಸ್ವಲ್ಪ ಜಾಗ ಬಿಡ್ರಿ. ನನಗ ಉಸಿರಾಡಾಕ ಬೇಕು," ಎನ್ನುತ್ತಿದ್ದಳು ಶಾಂಭವಿ.

"ಬ್ಯಾಂಡಿನವರು ನಿಂತ್ರ ಕುದುರಿ ನಿಲ್ತೈತ್ರಿ. ಕುದುರಿ ನಿಂತ್ರ ಮದಿಮಗ ಇಳಿದು ಓಡಿಹೊಕ್ಕಾನ."

"ಓಡಿಹೋಗ್ಲಿ ಬಿಡ್ರಿ. ನನಗ ಅವನು ಬ್ಯಾಡ."

ಆ ಮಾತಿಗೆ ಅವನು ಕಣ್ಣೆತ್ತಿದ. ಕಣ್ಣೆತ್ತಿದ್ದನ್ನು ಅವಳು ನೋಡಿದಳು. ನೋಡಿದ್ದು ಅವನಿಗೆ ತಿಳಿಯಿತೆಂದು ತಿಳಿದು, ಸುಮ್ಮನೆ ಮೈಕಿನ ತಿರುಪನ್ನು ತಿರುಗಿಸತೊಡಗಿದಳು. ಸರಿಯಾಗಿದ್ದ ಮೈಕು ಅವಳ ಕೈಯಲ್ಲೇ ಕೆಳಗೆ ಜಾರಿತು.

ಆಲ್ಬಮಿನ ಕೊನೆಯ ಹಾಡಿಗೆ ಅವಳು ಒಂದು ಸಾಲು ಬರೆದಿದ್ದಳು: *ಬಾಯಿತನಕ ಬಂದ ಮಾತು ಬಾಗಿಲತನಕ ಬರಲಿಲ್ಲ.* ಆ ಸಾಲಿನ ನಂತರ ದೊಡ್ಡದೊಂದು ಬಿಡುವು. ಮೊದಲ ಬಾರಿ ಹಾಡಿದಾಗ ಗಾದಿಲಿಂಗ ಆ ಬಿಡುವಿಗೆ ತಕ್ಷಣ ನುಗ್ಗಲಿಲ್ಲ. ಕಾದ. ನಂತರ ಬಹಳ ತಗ್ಗಿನಿಂದ, ಬಾಗಿಲನ್ನು ಬೆರಳಿನಿಂದ ತಳ್ಳುವವನಂತೆ, ಒಂದೇ ಒಂದು ಸ್ವರ ಹಿಡಿದು ಮೇಲೇರಿದ.

ಹಾಡು ಮುಗಿದಾಗ ಚನ್ನಬಸವರಾಜ ಹೆಡ್‌ಫೋನ್ ತೆಗೆದು, "ಚಹಾ ಕುಡ್ದು ಬರ್ತೀನಿ," ಎಂದು ಹುಲುಗೇಶನನ್ನೂ ಎಳೆದುಕೊಂಡು ಹೋದ.

"ನೀವು ಊದಿದ್ದು ನನ್ನ ಹಾಡಿನ್ಯಾಗ ಇರಲಿಲ್ಲ," ಎಂದಳು ಶಾಂಭವಿ.

"ಇತ್ತಲ್ರಿ. ನೀವು ಹಾಡಲಾರದ ಬಿಟ್ಟಿದ್ರಿ."

"ಬಿಟ್ಟಿದ್ದೇನು, ಹೇಳ್ರಿ ನೋಡೋಣು."

"ನಾ ಊದಾವ್ರಿ, ಶಾಂಭೂ. ಹೇಳಾದು ನಿಮ್ಮ ಕೆಲಸ."

ಶಾಂಭೂ ಎಂಬ ಹೆಸರನ್ನು ಅವನು ಯಾವಾಗ ಕಟ್ಟಿದನೋ ಅವನಿಗೂ ತಿಳಿದಿರಲಿಲ್ಲ. ಅವಳು ನಕ್ಕಳು, ನಗುತ್ತಲೇ ಅವನ ಕೋಟಿನ ಕಿತ್ತುಹೋದ ಜಾಲರಿಯನ್ನು ಹೊಲಿಗೆ ಯಂತ್ರದ ಪಕ್ಕದಲ್ಲಿದ್ದ ನೀಲಿ ದಾರದಿಂದ ಹೊಲಿದುಕೊಟ್ಟಳು. ಕೆಂಪು ಕೋಟಿನ ಮೇಲೆ ನೀಲಿ ಹೊಲಿಗೆ. ಅವನು ಅದನ್ನು ಎಂದೂ ಬದಲಿಸಲಿಲ್ಲ.

"ತಂಗಿ ಮದಿವಿ ಮುಗೀಲಿ," ಎಂದಳು ಅವಳು. "ಆಮ್ಯಾಲ ನಮ್ಮವ್ವನ ಮುಂದ ನಮ್ಮಿಬ್ಬರ ಮಾತು ನಾನೇ ಹೇಳ್ತೀನಿ."

ಅವನು ತಲೆಯಾಡಿಸಿದ. ಕೊಟ್ಟ ಮಾತನ್ನು ಅನುಮಾನಿಸುವುದು ಅವನಿಗೆ ಗೊತ್ತಿರಲಿಲ್ಲ.

ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ಮೈಕಿನ ಮುಂದೆ ಸತ್ಯ ಹೇಳುವುದು ಸುಲಭ, ಏಕೆಂದರೆ ಮೈಕು ತಿರುಗಿ ಪ್ರಶ್ನಿಸುವುದಿಲ್ಲ. ಸತ್ಯದ ಪರೀಕ್ಷೆ ನಡೆಯುವುದು ಅಡುಗೆಮನೆಯಲ್ಲಿ. ಒಂದು ಸ್ವರ ಜಾರಿದರೂ ತಿದ್ದಲೊಲ್ಲದ ಶಾಂಭವಿ, ಮನೆಯಲ್ಲಿ ಇಡೀ ಹಾಡನ್ನೇ ಮುಚ್ಚಿಟ್ಟಿದ್ದಳು.

ಮುಚ್ಚಿಟ್ಟದ್ದನ್ನು ಹೊರಗೆಡಹಿದ್ದು ಅವಳ ನಿಯಮವೇ. ತಂಗಿ ಪಂಪಾವತಿ ಅಕ್ಕನ ಫೋನಿನಲ್ಲಿದ್ದ ಹಾಡನ್ನು ಒಂದು ಸಂಜೆ ಹಪ್ಪಳ ಒತ್ತುತ್ತಿದ್ದ ಹೆಂಗಸರಿಗೆಲ್ಲ ಕೇಳಿಸಿದಳು. ಏನನ್ನೂ ಕತ್ತರಿಸದ ರೆಕಾರ್ಡಿಂಗು ಅದು. ಹಾಡು ಮುಗಿದ ಮೇಲೂ ಓಡಿತು. ಚಹಾಕ್ಕೆ ಹೋದವರ ಹೆಜ್ಜೆ ಸಪ್ಪಳ, ನಂತರ ಆ ಮಾತುಗಳು, ಕೊನೆಗೆ ಆ ನಗು.

ತಾಯಿ ಕೊಟ್ರಬಸಮ್ಮ ಹಪ್ಪಳದ ಹಿಟ್ಟಿನಿಂದ ಕೈ ತೆಗೆಯಲಿಲ್ಲ. "ಹುಡುಗ ಚಲೋ ಊದ್ತಾನ," ಎಂದಳು. ಅಷ್ಟೇ.

ಮುಂದಿನ ಭಾನುವಾರ ಗಾದಿಲಿಂಗ ಶೆಡ್ಡಿಗೆ ಬಂದಾಗ ಪೆಟ್ಟಿಗೆ ತೆರೆಯಲಿಲ್ಲ.

"ನಿಮ್ಮವ್ವಾರು ಸಿರುಗುಪ್ಪಕ್ಕ ಬಂದಿದ್ರು. ನಮ್ಮ ಬ್ಯಾಂಡಿನ ಅಂಗಡಿಗೆ."

ಶಾಂಭವಿ ಕೈಯಲ್ಲಿದ್ದ ನೀರಿನ ಲೋಟವನ್ನು ನಿಧಾನವಾಗಿ ಕೆಳಗಿಟ್ಟಳು. "ಏನಂದ್ರು?"

"ಏನೂ ಅನಲಿಲ್ರಿ. ತಾಟಿನ್ಯಾಗ ವೀಳ್ಯ ಹಿಡಿದ್ರು. ಹಿರೇರು, ಬಾಗಿಲಿಗೆ ಬಂದಾರ. ಎರಡೂ ಕೈ ಚಾಚಿದೆ." ಅವನು ತನ್ನ ಅಂಗೈಗಳನ್ನು ನೋಡಿಕೊಂಡ. "ಆಮ್ಯಾಲ ಕೇಳಿದೆ, ಯಾವೂರು, ಯಾವತ್ತು ಅಂತ. ಕುರುಗೋಡು ಅಂದ್ರು. ಸಣ್ಣ ಮಗಳ ಮದಿವಿ ಅಂದ್ರು."

ಚನ್ನಬಸವರಾಜ ಕೀಬೋರ್ಡಿನಿಂದ ತಲೆ ಎತ್ತಿದ. ಕುರುಗೋಡಿನಲ್ಲಿ ಶಾಂಭವಿಯ ಮನೆಯಿರುವ ಓಣಿಯ ರೀತಿ ಅವನಿಗೂ ಗೊತ್ತಿತ್ತು. ಒಂದು ಮನೆಯ ಬಾಗಿಲಲ್ಲಿ ವೀಳ್ಯ ಹಿಡಿದು ಊದಿದವನು ಆ ಮನೆಗೆ ಎಂದೆಂದಿಗೂ ಬ್ಯಾಂಡಿನವನು. ಅವನಿಗೆ ಹೊರಗೆ ಎಲೆ ಹಾಕುತ್ತಾರೆ. ಒಳಗೆ ಅಳಿಯನ ಮಣೆ ಹಾಕುವುದಿಲ್ಲ. ಕೊಟ್ರಬಸಮ್ಮ ಬೈಯಲಿಲ್ಲ, ಬೆದರಿಸಲಿಲ್ಲ, ಕುಲದ ಮಾತನ್ನೂ ಎತ್ತಲಿಲ್ಲ. ಒಬ್ಬ ಸತ್ಯವಂತನ ಸತ್ಯವನ್ನೇ ಹಗ್ಗ ಮಾಡಿ ಅವನ ಕೈ ಕಟ್ಟಿಬಂದಿದ್ದಳು. ಇಂಥದ್ದನ್ನು ಜಾಣತನವೆಂದು ಹೊಗಳುವ ಸಮಾಜಕ್ಕೆ ನಾಚಿಕೆಯೆಂಬುದು ಉಳಿದಿದೆಯೆ?

"ವಾಪಸ್ ಕೊಡ್ರಿ," ಎಂದಳು ಶಾಂಭವಿ.

"ತಗೊಂಡಾವ ಕೊಡಂಗಿಲ್ರಿ."

"ನನಗಿಂತ ಆ ಎರಡು ಎಲಿ ದೊಡ್ಡವೇನು?"

"ಮನಸ್ಸಿನ್ಯಾಗ ಇಲ್ಲದ್ದು ಊದಬಾರ್ದು ಅಂತ ನೀವೇ ಹೇಳಿದ್ರಿ. ಹಿಡಿದ ಮಾತು ಬಿಟ್ಟು ಬಂದು, ಇಲ್ಲಿ ಕುಂತು ಏನು ಊದ್ಲಿ ನಾನು?" ಅವನ ದನಿ ಏರಲಿಲ್ಲ. "ಕೊಟ್ಟವರು ವಾಪಸ್ ತಗೋಬೌದ್ರಿ. ನೀವು ನಿಮ್ಮವ್ವಾರ ಮುಂದ ಒಂದು ಮಾತು ಹೇಳ್ರಿ. ಇಂವ ಈ ಮನಿ ಅಳಿಯ ಆಗಾವ ಅಂತ ಹೇಳ್ರಿ. ಅವರೇ ಬಂದು ತಗೊಂತಾರ."

ಅವಳು ಕುರುಗೋಡಿಗೆ ಹೋದಳು. ತಾಯಿ ಅಕ್ಕಿ ಹಸನು ಮಾಡುತ್ತಿದ್ದಳು.

"ಎವ್ವಾ, ಆ ವೀಳ್ಯ ವಾಪಸ್ ತಗೋ."

"ಯಾಕ?"

ಬಾಯಿತನಕ ಮಾತು ಬಂದಿತು.

"ಗಂಡಿನ ಕಡೇರು ನಾಳಿ ಸೀರಿ ತೋರ್ಸಾಕ ಬರ್ತಾರ," ಎಂದಳು ಕೊಟ್ರಬಸಮ್ಮ, ಮೊರದಿಂದ ಕಲ್ಲು ಹೆಕ್ಕುತ್ತ. "ಅವರಿಗೂ ಕಿವಿ ಅದಾವು. ಹಿರೇ ಮಗಳು ಬ್ಯಾಂಡಿನವನ ಹಿಂದ ಹೋಗ್ತಾಳಂತ ಕೇಳಿದ್ರ ಎದ್ದು ಹೋಗ್ತಾರ. ನಿನ್ನ ತಂಗಿ ಒಳಗ ಕುಂತು ಬಳಿ ಹೊಂದಿಸ್ಕೊಳ್ಳಾಕತ್ಯಾಳ. ಹೋಗಿ ಅಕಿ ಮಾರಿ ನೋಡಿ ಬಾ. ಬಂದು ನನಗೇನು ಹೇಳಬೇಕೋ ಹೇಳು. ನಾ ಕೇಳ್ತೀನಿ."

ಶಾಂಭವಿ ಒಳಗೆ ಹೋದಳು. ಪಂಪಾವತಿ ಎರಡೂ ಕೈ ಎತ್ತಿ ಹಸಿರು ಬಳೆ ಕುಲುಕಿಸಿ, "ಅಕ್ಕಾ, ನಿನ್ನ ಹಾಡಿನ್ಯಾಗ ಈ ಸಪ್ಪಳ ಹಾಕ್ತಿಯೇನು?" ಎಂದು ನಕ್ಕಳು.

ಹೊರಗೆ ಬಂದು ಶಾಂಭವಿ ಏನನ್ನೂ ಹೇಳಲಿಲ್ಲ.

ಮದುವೆಯ ದಿನ ಕುರುಗೋಡಿನ ಆ ಓಣಿಯ ತುಂಬ ಚಪ್ಪರ. ಚಪ್ಪರದ ಹೊರಗೆ, ಚಪ್ಪಲಿಗಳ ರಾಶಿಯ ಪಕ್ಕದಲ್ಲಿ, ಕೆಂಪು ಕೋಟಿನ ಮೇಳ. ಹೆಗಲ ಮೇಲಿನ ನೀಲಿ ಹೊಲಿಗೆ ಅಷ್ಟು ದೂರದಿಂದಲೂ ಶಾಂಭವಿಗೆ ಕಾಣುತ್ತಿತ್ತು. ಅವಳು ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

ಗಾದಿಲಿಂಗ ಕಟ್ಟುನಿಟ್ಟಾಗಿ ಊದಿದ. ಒಂದು ಸ್ವರದಲ್ಲೂ ಮುನಿಸಿರಲಿಲ್ಲ. ಗಂಡಿನವರು ತಲೆದೂಗಿದರು. ಮಾಂಗಲ್ಯ ಕಟ್ಟಿದ ಮೇಲೆ, ಮಂಗಳದ ನುಡಿಗಳೆಲ್ಲ ಮುಗಿದಾಗ, ಅವನು ಇದ್ದಕ್ಕಿದ್ದಂತೆ ಆ ಕೊನೆಯ ಹಾಡಿನ ಸಾಲನ್ನು ಊದಿದ. ಅವಳು ಹಾಡುತ್ತಿದ್ದ ಸಾಲು ಅದು. ಊದಿ, ನಿಲ್ಲಿಸಿದ.

ಹುಲುಗೇಶನ ಡ್ರಮ್ಮು ತಾಳವನ್ನಷ್ಟೇ ಹಿಡಿದಿತ್ತು. ಕ್ಲಾರಿನೆಟ್ಟು ತುಟಿಯಿಂದ ಕೆಳಗಿಳಿದಿತ್ತು. ಇಡೀ ಬದುಕಿನಲ್ಲಿ ಬಿಡುವು ಬಿಡಲು ಹೆದರಿದವನು ಅವಳಿಗಾಗಿ ಬಿಡುವು ಬಿಟ್ಟು ನಿಂತಿದ್ದ. ಒಂದು ಸ್ವರ ಸಾಕಿತ್ತು.

ಅವಳು ಬಾಯಿ ತೆರೆಯಲಿಲ್ಲ.

"ಬ್ಯಾಂಡಿನವರು ಯಾಕ ನಿಂತ್ರಬ್ಬಾ?" ಎಂದು ಯಾರೋ ಕೇಳಿದರು. ಹುಲುಗೇಶ ಡ್ರಮ್ಮನ್ನು ಜೋರಾಗಿ ಬಾರಿಸಿದ. ಮೆರವಣಿಗೆ ಹೊರಟಿತು.

ಊಟವಾದ ಮೇಲೆ ಮೇಳವನ್ನು ಬೀಳ್ಕೊಟ್ಟು ಕಳಿಸುವ ವೀಳ್ಯ ಕೊಡಬೇಕು. "ಹಿರೇ ಮಗಳು ಕೊಡಬೇಕವ್ವಾ," ಎಂದು ಕೊಟ್ರಬಸಮ್ಮ ತಟ್ಟೆಯನ್ನು ಶಾಂಭವಿಯ ಕೈಗಿತ್ತಳು. ತಾಯಿಯ ಕಣ್ಣಲ್ಲಿ ಗೆಲುವಿರಲಿಲ್ಲ, ಒದ್ದೆಯಿತ್ತು.

ಗಾದಿಲಿಂಗ ಎರಡೂ ಕೈ ಚಾಚಿದ. ಅವಳು ಎಲೆ ಅಡಿಕೆ ಇಟ್ಟಳು. ಅವನು ಕಣ್ಣಿಗೊತ್ತಿಕೊಂಡ. ಆಮೇಲೆ, ಅವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ, ಕೇಳಿದ:

"ಯಾವೂರು? ಯಾವತ್ತು?"

"ಲೇ, ಇದು ಕಳಿಸೋ ವೀಳ್ಯ," ಎಂದು ಹುಲುಗೇಶ ಅವನ ತೋಳು ಹಿಡಿದ. "ಇದಕ್ಕ ಊರು ಕೇಳಂಗಿಲ್ಲ. ಬಾ."

ಗಾದಿಲಿಂಗ ಇನ್ನೂ ಒಂದು ಗಳಿಗೆ ನಿಂತ. ನಂತರ ನಕ್ಕ, ಮೊದಲ ದಿನ ನಗದೆ ಉಳಿಸಿಕೊಂಡಿದ್ದ ನಗುವನ್ನು. "ಚಲೋ ಹಾಡ್ರಿ, ಶಾಂಭೂ," ಎಂದು ಹೇಳಿ ಸಿರುಗುಪ್ಪದ ಬಸ್ಸಿನ ಕಡೆಗೆ ನಡೆದ.

ಅನೇಕ ಭಾನುವಾರ ಶೆಡ್ಡಿನ ಬೀಗ ತೆರೆಯಲಿಲ್ಲ. ಮದುವೆಯ ಹಂಗಾಮು ಮುಗಿಯಿತು. ತಂಗಿ ಗಂಡನ ಮನೆಯಲ್ಲಿ ನೆಲೆಗೊಂಡಳು. ಇನ್ನು ಯಾರ ಮದುವೆಯೂ ಮುರಿಯುವಂತಿರಲಿಲ್ಲ. ಆಗ ಶಾಂಭವಿ ಚನ್ನಬಸವರಾಜನಿಗೆ ಫೋನು ಮಾಡಿದಳು. ಕೊನೆಯ ಹಾಡು ಹಾಡುತ್ತೇನೆ, ಎಲ್ಲರನ್ನೂ ಕರೆ ಎಂದಳು.

ಹುಲುಗೇಶನೊಬ್ಬನೇ ಬಂದ.

"ಅಂವ?" ಎಂದಳು.

ಹುಲುಗೇಶ ಡ್ರಮ್ಮಿನ ಪಟ್ಟಿಯನ್ನು ಬಿಗಿದ, ಸಡಿಲಿಸಿದ, ಮತ್ತೆ ಬಿಗಿದ. "ದೇಶನೂರಿಂದ ಅವರ ಸ್ವಾದರಮಾವ ಬಂದಿದ್ರುರಿ. ತಾಟಿನ್ಯಾಗ ವೀಳ್ಯ ಹಿಡಿದ್ರು. ಅವನ ಕಟ್ಟು ನಿಮಗ ಗೊತ್ತೈತಲ್ಲ. ಎರಡೂ ಕೈ ಚಾಚಿದ. ಆಮ್ಯಾಲ ಕೇಳಿದ, ಯಾವೂರು, ಯಾವತ್ತು ಅಂತ."

"ಯಾರ ಮದಿವಿ?"

"ಅವಂದೇ, ಅಕ್ಕಾರ."

ಚನ್ನಬಸವರಾಜ ಯಂತ್ರ ಆರಿಸಲು ಕೈ ಚಾಚಿದ. ಅವಳು ಬೇಡವೆಂದು ತಲೆಯಾಡಿಸಿ, ಮೈಕಿನ ಮುಂದೆ ನಿಂತಳು.

ಹಾಡಿದಳು. ಬಾಯಿತನಕ ಬಂದ ಮಾತು ಬಾಗಿಲತನಕ ಬರಲಿಲ್ಲ ಎಂಬಲ್ಲಿ ನಿಲ್ಲಿಸಿದಳು. ಬಿಡುವು ಬಂದಿತು. ಹುಲುಗೇಶ ತಾಳ ಹಿಡಿದಿದ್ದ. ಆ ಬಿಡುವಿನೊಳಗೆ ಅವಳು ಹಾಡಲಿಲ್ಲ. ಕುರುಗೋಡಿನ ತನ್ನ ಮಾತಿನಲ್ಲಿ, ಎದುರಿಗಿದ್ದವನಿಗೆ ಹೇಳುವಂತೆ ಹೇಳಿದಳು:

"ನಿನ್ನೂರು. ನೀ ಅಂದ ದಿನ."

"ಕತ್ತರಿಸ್ಲೇನು?" ಎಂದು ಚನ್ನಬಸವರಾಜ ಕೊನೆಯಲ್ಲಿ ಕೇಳಿದ.

"ಇರಲಿ. ನಮ್ಮವ್ವನೂ ಕೇಳ್ಲಿ."

ತಡವಾಗಿ ಹೇಳಿದ ಸತ್ಯವೂ ಸತ್ಯವೇ. ಆದರೆ ಅದು ಯಾರ ಬಾಗಿಲನ್ನೂ ತೆರೆಯಲಾರದು. ಸೂರಿನವರೆಗೆ ಪೇರಿಸಿದ ನೀಲಿ ಥಾನುಗಳ ನಡುವೆ ಆ ಮಾತಿಗೆ ಪ್ರತಿಧ್ವನಿಯೂ ಏಳಲಿಲ್ಲ. ಅದಕ್ಕೆಂದೇ ಅಲ್ಲವೆ, ಅವರು ಆ ಜಾಗವನ್ನು ಆರಿಸಿಕೊಂಡದ್ದು.