ಕೋಗಿಲೆ ಹೇಳಿದ ಗಾಳಿ

ಸೋಮವಾರ ಬೆಳಗ್ಗೆ ಹತ್ತೂವರೆಗೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಶುಕ್ರವಾರ ಗುಡ್ಡದ ಬೆಂಕಿಯಲ್ಲಿ ಸುಟ್ಟು ಸತ್ತವನ ಅಕ್ಕ ಆಕೆ. ದೂರು ತಂದಿದ್ದು ತನ್ನ ಗಂಡನ ಮೇಲೆ.

“ನನ್ನ ತಮ್ಮನ್ನ ಕೊಂದಿದ್ದು ನಮ್ಮ ಯಜಮಾನ್ರು. ಬರ್ಕೊಳ್ಳಿ.”

ಇನ್‌ಸ್ಪೆಕ್ಟರ್ ಪೆನ್ನಿಗೆ ಕೈ ಹಾಕಲಿಲ್ಲ. “ಕೊಂದಿದ್ದು ಅಂದ್ರೆ?”

“ಬೆಂಕಿ ಆರಿಸೋ ತಂಡಕ್ಕೆ ಅವರೇ ಮೇಸ್ತ್ರಿ. ಕೊರಕಲಿಂದ ಮೇಲೆ ಬಾ ಅಂದಿದ್ರೆ ನನ್ನ ತಮ್ಮ ಬದುಕಿರ್ತಿದ್ದ. ‘ಮುಗಿಸ್ಕೊಂಡೇ ಬಾ’ ಅಂದ್ರಂತೆ. ಜೊತೆಗಿದ್ದೋರೇ ಹೇಳಿದ್ರು.”

“ಅವರೇನಂತಾರೆ?”

“ಏನಂತಾರೆ? ಗೋಡೆ ನೋಡ್ಕೊಂಡು ಕೂತಿದಾರೆ.”

ನಿರ್ಲಕ್ಷ್ಯದಿಂದ ಸಾವು ಎಂದು ಎಫ್‌ಐಆರ್ ಆಯಿತು. ಮೇಸ್ತ್ರಿಯನ್ನು ಹುಡುಕಿಕೊಂಡು ಹೋಗುವ ಕೆಲಸವೇ ಬೀಳಲಿಲ್ಲ. ಮಧ್ಯಾಹ್ನ ತಾನಾಗಿಯೇ ಬಂದು ಬೆಂಚಿನ ಮೇಲೆ ಕೂತ. ಎರಡೂ ಕೈಗೆ ಸುಟ್ಟ ಗಾಯದ ಪಟ್ಟಿ.

“ಹೌದು ಸಾರ್, ನಾನೇ ಹೇಳಿದ್ದು. ಒಳಗೆ ಹಾಕಿ.”

“ಬಾಯಿಗೆ ಬಂದ ತುತ್ತು ಸಾರ್, ಬೇಡ ಅನ್ಬೇಡಿ,” ಎಂದು ಕಾನ್‌ಸ್ಟೇಬಲ್ ಪಿಸುಗುಟ್ಟಿದ. ಎದ್ದರೂ ಕೂತರೂ ಗೊಣಗುವ ಅವನನ್ನು ಇಡೀ ಠಾಣೆ ಗೊಣಗಪ್ಪ ಎಂದೇ ಕರೆಯುತ್ತಿತ್ತು. ಆದರೆ ಒಳಗೆ ಹಾಕಿ ಎಂದು ಗೋಗರೆಯುವವರನ್ನು ಕಂಡರೆ ಇನ್‌ಸ್ಪೆಕ್ಟರಿಗೆ ಮೊದಲಿನಿಂದಲೂ ಕಸಿವಿಸಿ.

“ಮುಗಿಸ್ಕೊಂಡು ಬಾ ಅಂತ ಯಾಕಂದ್ರಿ?”

“ಗಾಳಿ ನಿಧಾನ ಅಂತ ಹೇಳಿದ್ರಲ್ಲ ಸಾರ್.”

“ಯಾರು?”

“ಕೋಗಿಲೆ.”

ಕೊರಕಲಲ್ಲಿ ನಿಂತವನಿಗೆ ಹೊಗೆಯಲ್ಲಿ ಮೂಗಿನ ಮುಂದಿನದೂ ಕಾಣುವುದಿಲ್ಲ. ಅದಕ್ಕೇ ಹವಾಮಾನ ವಿಭಾಗದವನೊಬ್ಬ ಗುಡ್ಡದ ನೆತ್ತಿಯಲ್ಲಿ ನಿಂತು, ಬಿಸಿಲೆಷ್ಟು, ತೇವವೆಷ್ಟು, ಗಾಳಿ ಯಾವ ಕಡೆಯಿಂದ ಎಷ್ಟು ಜೋರು ಎಂದು ಗಂಟೆಗೊಮ್ಮೆ ಅಳೆದು ವಾಕಿಟಾಕಿಯಲ್ಲಿ ಹೇಳಬೇಕು. ಕೇಳಿಸಿಕೊಂಡವನು ಅದನ್ನೇ ತಿರುಗಿ ಒಪ್ಪಿಸಬೇಕು. ಆ ಮಾತಿನ ಮೇಲೆ ಜೀವಗಳು ಮುಂದಕ್ಕೋ ಹಿಂದಕ್ಕೋ ಹೆಜ್ಜೆ ಇಡುತ್ತವೆ. ಈ ತಂಡಕ್ಕೆ ಸಿಕ್ಕವನದು ಜೇನಿನಂಥ ಕಂಠ. ದೊಡ್ಡ ದೊಡ್ಡ ಸಮಾರಂಭಗಳಲ್ಲಿ ಮೈಕ್ ಹಿಡಿಯುವವನು. ಹಾಗಾಗಿ ಕೋಗಿಲೆ.

“ಅವರು ಹೇಳಿದ್ರೆ ಮುಗೀತು ಸಾರ್. ಅನುಮಾನಾನೇ ಬರಲ್ಲ.”

ನಿಯಂತ್ರಣ ಕೊಠಡಿಯಲ್ಲಿ ಎಲ್ಲ ಮಾತೂ ಧ್ವನಿಮುದ್ರಣವಾಗುತ್ತಿತ್ತು. ಮಂಗಳವಾರ ಇನ್‌ಸ್ಪೆಕ್ಟರ್ ಅದನ್ನು ತರಿಸಿ ಕೇಳಿದರು. ಮಧ್ಯಾಹ್ನ ಮೂರರ ವರದಿ. ಗಾಳಿ ಪಶ್ಚಿಮದಿಂದ, ನಿಧಾನ, ಬದಲಾವಣೆ ಇಲ್ಲ. ಇದಾದ ಕಾಲು ಗಂಟೆಯೊಳಗೆ ಗಾಳಿ ತಿರುಗಿ ಬೆಂಕಿ ಕೊರಕಲಿಗೆ ನುಗ್ಗಿತ್ತು. ಮೂವರು ಹತ್ತಿ ಬಂದರು, ಒಬ್ಬ ಬರಲಿಲ್ಲ.

ಇನ್ನೊಮ್ಮೆ ಹಾಕಿಸಿದರು. ದನಿ ಎಷ್ಟು ಚೊಕ್ಕವಾಗಿತ್ತೆಂದರೆ ಒಂದು ಕೆಮ್ಮಿಲ್ಲ, ಗಾಳಿಯ ಸದ್ದಿಲ್ಲ. ಹಿಂದಿನಿಂದ ಮಾತ್ರ ಟಿಕ್ ಟಿಕ್ ಎಂದು ಸಣ್ಣಗೆ ಏನೋ.

“ಗಡಿಯಾರ ಇರ್ಬೇಕು ಸಾರ್.”

“ಗುಡ್ಡದ ನೆತ್ತಿ ಮೇಲೆ ಗೋಡೆ ಗಡಿಯಾರ ಯಾರಯ್ಯ ಹಾಕ್ತಾರೆ?”

ಬುಧವಾರ ಪಂಚರನ್ನು ಕರೆದುಕೊಂಡು ಗುಡ್ಡ ಹತ್ತಿದರು. ಕಾಲಿಟ್ಟಲ್ಲೆಲ್ಲ ಬೂದಿ, ಸುಟ್ಟ ಕೂದಲಿನಂಥ ವಾಸನೆ. ನೆತ್ತಿಯಲ್ಲಿ ಗೊಣಗಪ್ಪನ ಟೋಪಿ ಹಾರಿಹೋಯಿತು; ಶಪಿಸುತ್ತಾ ಹಿಂದೆ ಓಡಿದ. ಅವನಿಂದಲೇ ವಾಕಿಟಾಕಿಯಲ್ಲಿ ಮೂರರ ವರದಿಯನ್ನು ಓದಿಸಿದರು. ಕೆಳಗಿದ್ದವರಿಗೆ ಭರ್ರೋ ಎಂಬ ಸದ್ದಿನ ನಡುವೆ ಅರ್ಧ ಮಾತು ಕೇಳಿಸಿತು. ಬೆಂಕಿಯೇ ಇಲ್ಲದ ದಿನ ಈ ಪಾಡಾದರೆ ಶುಕ್ರವಾರ ಹೇಗಿದ್ದಿರಬೇಕು! ಹಾಳೆ ಹಾರದಂತೆ ಕಲ್ಲಿಟ್ಟುಕೊಂಡು ಪಂಚನಾಮೆ ಬರೆದರು.

ಕೆಳಗೆ ಬಂದು, ಕೋಗಿಲೆ ಓಡಾಡುತ್ತಿದ್ದ ಹವಾಮಾನ ವಿಭಾಗದ ಜೀಪನ್ನು ತರಿಸಿ ತಪಾಸಣೆ ಮಾಡಿದರು. ತೇವ ಅಳೆಯುವ ಸಾಧನ ಹಿಂದಿನ ಸೀಟಿನ ಕೆಳಗೆ ಸಿಕ್ಕಿತು. ಒಂದೇ ಹಿಡಿಗೆ ಜೋಡಿಸಿದ ಎರಡು ಥರ್ಮಾಮೀಟರ್. ಒಂದರ ತುದಿಗೆ ಹತ್ತಿಬಟ್ಟೆಯ ಚೀಲ ತೊಡಿಸಿ, ನೀರಲ್ಲಿ ನೆನೆಸಿ, ಗಾಳಿಯಲ್ಲಿ ಗಿರಗಿರನೆ ತಿರುಗಿಸಿದರೆ ಮಾತ್ರ ಲೆಕ್ಕ ಸಿಗುವುದು. ಆ ಪುಟ್ಟ ಚೀಲ ಇನ್ನೂ ಕಂಪನಿಯ ಪ್ಲಾಸ್ಟಿಕ್ ಕವರಿನಲ್ಲೇ ಇತ್ತು. ಕವರಿಗೆ ಹೊಡೆದ ಪಿನ್ನೂ ಬಿಚ್ಚಿರಲಿಲ್ಲ.

ಅಂದರೆ ಶುಕ್ರವಾರ ಒಂದೇ ದಿನವಲ್ಲ. ಈ ಬೇಸಿಗೆಯಿಡೀ ಈ ಮನುಷ್ಯ ಒಮ್ಮೆಯೂ ಅಳೆದಿಲ್ಲ! ಇನ್‌ಸ್ಪೆಕ್ಟರ್ ಪಕ್ಕಕ್ಕೆ ಹೋಗಿ ಉಗಿದು ಬಂದರು.

ಜೀಪಿನ ಡ್ರೈವರ್ ನಿಂತಲ್ಲೇ ಬೆವರುತ್ತಿದ್ದ.

“ಗಾಡಿ ಸ್ಟಾರ್ಟ್ ಮಾಡು. ಹೊಗೇಲಿ ನಿಂತಾಗ ಏನೇನು ಹಾಕ್ತಿದ್ದೆ, ಹಾಕು.”

ಅವನು ನಾಲ್ಕೂ ಇಂಡಿಕೇಟರ್ ಹಾಕಿದ. ಟಿಕ್ ಟಿಕ್.

“ಗುಡ್ಡ ಹತ್ತುತ್ತಿದ್ರಾ ಅವರು?”

“ಇಲ್ಲ ಸಾರ್. ಬುಡದಲ್ಲೇ ರಸ್ತೆ ಪಕ್ಕ. ಎ.ಸಿ. ಹಾಕಿಸ್ಕೊಂಡು, ಗಾಜು ಇಳಿಸಬೇಡ ಅಂತಿದ್ರು.”

“ಮತ್ತೆ ಅಂಕಿ?”

“ಬೆಳಗ್ಗೆ ಪೇಪರಲ್ಲಿ ಬಂದಿದ್ದನ್ನೇ ಒಂಚೂರು ಹೆಚ್ಚು ಕಮ್ಮಿ ಮಾಡಿ…”

“ನಿನ್ನ ಬಾಯಿಗೇನಾಗಿತ್ತೋ?”

ಅವನ ಹೇಳಿಕೆ ಬರೆಸಿಕೊಂಡು, ಜೀಪನ್ನೂ ಸಾಧನವನ್ನೂ ಜಪ್ತಿ ಮಾಡಿದರು.

ಕೋಗಿಲೆ ಮನೆಯಲ್ಲೇ ಸಿಕ್ಕಿದ. ಅಷ್ಟು ಸೆಕೆಯಲ್ಲೂ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಬಿಸಿನೀರು ಗುಟುಕರಿಸುತ್ತಿದ್ದ. ಬನ್ನಿ ಬನ್ನಿ ಎಂದು ಸ್ವಾಗತಿಸಿದ ದನಿ, ನಿಜಕ್ಕೂ, ಕೇಳಲು ಇಂಪಾಗಿತ್ತು. ಇನ್‌ಸ್ಪೆಕ್ಟರಿಗೆ ಅದೇ ಅಸಹ್ಯವಾಯಿತು.

“ಶುಕ್ರವಾರ ಮೂರು ಗಂಟೆಗೆ ಎಲ್ಲಿದ್ರಿ?”

“ನೆತ್ತಿ ಮೇಲೆ.”

“ಗಾಳಿ?”

“ಹಿತವಾಗಿತ್ತು.”

ಇನ್‌ಸ್ಪೆಕ್ಟರ್ ಪಿನ್ನು ಬಿಚ್ಚದ ಕವರನ್ನು ಮೇಜಿನ ಮೇಲಿಟ್ಟರು. ಕೋಗಿಲೆ ಅದನ್ನು ನೋಡಿದ, ಮಫ್ಲರ್ ಸರಿಮಾಡಿಕೊಂಡ.

“ನೋಡಿ ಇನ್‌ಸ್ಪೆಕ್ಟರೇ, ಹೊಗೆ ಕುಡಿದ್ರೆ ನನ್ನ ಗಂಟಲು ಕಟ್ಟುತ್ತೆ. ಮುಂದಿನ ತಿಂಗಳು ದೊಡ್ಡ ಸಮಾರಂಭದ ನಿರೂಪಣೆ ಒಪ್ಕೊಂಡಿದೀನಿ. ಗಾಳಿ ಸಾಮಾನ್ಯವಾಗಿ ಹಾಗೇ ಇರುತ್ತೆ. ಇಷ್ಟು ದಿನ ಹೇಳಿದೀನಿ, ಒಂದು ಸಲಾನೂ ಏನೂ ಆಗಿರ್ಲಿಲ್ಲ.”

“ಒಂದು ಸಲ ಆಯ್ತಲ್ಲ. ಏಳಿ ಮೇಲೆ.”

ಸಂಜೆ ಐದೂ ಕಾಲಿಗೆ ಬಂಧನ. ಲಾಕಪ್ಪಿನಲ್ಲಿ ಅವನು ಮೊದಲು ಕೇಳಿದ್ದು ಬಿಸಿನೀರು. “ತಣ್ಣೀರಿದೆ, ಕುಡಿ,” ಎಂದು ಗೊಣಗಪ್ಪ ಮೊದಲ ಸಲ ಗೊಣಗದೆ ಗಟ್ಟಿಯಾಗಿಯೇ ಹೇಳಿದ.

ದ್ವೇಷವಿರಲಿಲ್ಲ, ಲಂಚವಿರಲಿಲ್ಲ, ಸತ್ತವನ ಮುಖವನ್ನೂ ಕೋಗಿಲೆ ನೋಡಿದವನಲ್ಲ. ಗಂಟಲು ಕೆಡಬಾರದು, ಅಷ್ಟೇ. ಥೂ! ಕೊಲೆಗಾರರ ಜೊತೆ ಒಂದೇ ಬೆಂಚಿನಲ್ಲಿ ಕೂತು ಚಹಾ ಕುಡಿದಿದ್ದ ಇನ್‌ಸ್ಪೆಕ್ಟರಿಗೆ ಅಂದು ಚಹಾ ಸೇರಲಿಲ್ಲ.

ಗುರುವಾರ ದೂರುದಾರಳನ್ನು ಕರೆಸಿ ಧ್ವನಿಮುದ್ರಣ ಕೇಳಿಸಿದರು. ಅವಳು ಈ ಸಲವೂ ನಿಂತೇ ಕೇಳಿದಳು.

ಮೊದಲು ಮೇಸ್ತ್ರಿಯ ದನಿ. “ಯಾಕೋ ಸರಿ ಕಾಣ್ತಿಲ್ಲ ಕಣೋ. ಮೇಲೆ ಬಂದ್ಬಿಡು.” ಮತ್ತೊಮ್ಮೆ, “ಬಾರೋ ಅಂದ್ರೆ.” ಆಮೇಲೆ ಕೋಗಿಲೆ. ಆಮೇಲೆ ತಮ್ಮ, ಪಾಠ ಒಪ್ಪಿಸುವಂತೆ, “ಪಶ್ಚಿಮದಿಂದ, ನಿಧಾನ, ಬದಲಾವಣೆ ಇಲ್ಲ. ಸರಿ ಸಾರ್. ಭಾವಾ, ಕೇಳಿಸ್ತಾ? ಗಾಳಿ ನಿಧಾನವಂತೆ. ಇನ್ನೊಂಚೂರು ಉಳಿದಿದೆ.” “ಹಾಗಾದ್ರೆ ಮುಗಿಸ್ಕೊಂಡೇ ಬಾ.”

ಅವಳು ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ಸೆರಗು ತೆಗೆದು ಕೇಳಿದಳು. “ಆ ಮನುಷ್ಯ ಯಾಕೆ ಸಾರ್ ಹಾಗೆ ಹೇಳಿದ?”

“ಗಂಟಲು ಕೆಡುತ್ತೆ ಅಂತ ಜೀಪಿಂದ ಇಳೀಲಿಲ್ಲಮ್ಮ.”

“ಗಂಟಲಿಗೋಸ್ಕರಾನಾ?”

ಅವಳು ಹೊರಗೆ ಬಂದಳು. ಮೇಸ್ತ್ರಿ ಅದೇ ಬೆಂಚಿನ ಮೇಲೆ, ಪಟ್ಟಿ ಸುತ್ತಿದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡಿದ್ದ.

“ಬಾ ಅಂತ ಎರಡು ಸಲ ಕರೆದಿದ್ರಲ್ಲ. ನನಗ್ಯಾಕೆ ಹೇಳ್ಲಿಲ್ಲ?”

“ಬರ್ಲಿಲ್ವಲ್ಲ ಕಣೇ,” ಎಂದ ಮೇಸ್ತ್ರಿ.

ಅವಳು ಅವನ ಪಕ್ಕದಲ್ಲಿ ಕೂತಳು.